ಗೋಡೆಯ ಮೇಲೆ ಅಮ್ಮ ಯಾಕಿಲ್ಲ?

"ಮುಟ್ಬೇಡ ಕಣೋ" ಅನ್ನುವಷ್ಟರಲ್ಲಿ ಲಾಯರ್ ಗೋಡೆಯ ಚಿತ್ರವನ್ನು ಮುಟ್ಟಿಯೇ ಬಿಟ್ಟಿದ್ದ. ಬೆರಳ ತುದಿ ಕಪ್ಪಾಯಿತು.

"ಪೆನ್ಸಿಲ್ ಅಲ್ಲ, ಪೇಂಟೂ ಅಲ್ಲ. ಇದ್ದಿಲು," ಎಂದು ತೀರ್ಪು ಕೊಟ್ಟ. ಮಾತೆತ್ತಿದರೆ ವಾದಕ್ಕಿಳಿಯುವ ಹುಡುಗ ಅಂತ ಐದನೇ ಕ್ಲಾಸಿನವರೆಲ್ಲ ಸೇರಿ ಅವನಿಗೆ ಲಾಯರ್ ಎಂದು ಹೆಸರಿಟ್ಟಿದ್ದರು. ಪಕ್ಕದಲ್ಲಿ ಸೊಂಟಕ್ಕೆ ಕೈಕೊಟ್ಟು ನಿಂತವಳು ಚೂಟಿ. ಆ ಹೆಸರು ಯಾಕೆ ಬಂತೆಂದು ಕೇಳಬೇಕಾಗಿಲ್ಲ, ಅವಳನ್ನು ಐದು ನಿಮಿಷ ಸುಮ್ಮನೆ ಕೂರಿಸಿ ನೋಡಿ, ಸಾಕು.

ಸ್ಕೂಲಿನ ಎದುರಿಗೆ ಒಂದು ಹಳೇ ಗೋಡೌನ್. ಮೇಲೆ ಅಗಲವಾದ ಸಜ್ಜಾ ಇದ್ದುದರಿಂದ ಅದರ ಗೋಡೆಗೆ ಮಳೆ ತಾಗುತ್ತಿರಲಿಲ್ಲ. ಒಂದು ತಿಂಗಳಿಂದ ಆ ಗೋಡೆಯ ಮೇಲೆ ಪೋಸ್ಟರ್‌ಗಳು ಬರುತ್ತಿದ್ದವು. ಪಾರ್ಸೆಲ್ ಕಟ್ಟುವ ಕಂದು ಕಾಗದದ ಮೇಲೆ ದೊಡ್ಡ ದೊಡ್ಡ ಚಿತ್ರಗಳು. ಎಲ್ಲವೂ ಇದೇ ಬೀದಿಯವರ ಚಿತ್ರಗಳೇ. ಮೆಷಿನ್ ತುಳಿಯುತ್ತಿರುವ ಟೈಲರ್, ಚೀಲ ಕೆಳಗಿಟ್ಟು ಕಾಗದ ಹುಡುಕುತ್ತಿರುವ ಪೋಸ್ಟ್‌ಮ್ಯಾನ್, ಏಣಿ ಹತ್ತಿದ ಲೈನ್‌ಮ್ಯಾನ್, ಗಂಟೆ ಹೊಡೆಯುತ್ತಿರುವ ಸ್ಕೂಲಿನ ಅಟೆಂಡರ್, ಹೀಗೆ ಒಟ್ಟು ಹನ್ನೊಂದು. ಎಲ್ಲರೂ ಬೆನ್ನು ತಿರುಗಿಸಿಕೊಂಡೇ ಇದ್ದರು. ಆದರೂ ಯಾರದು ಅಂತ ನೋಡಿದ ತಕ್ಷಣ ಗೊತ್ತಾಗುತ್ತಿತ್ತು. ಹೆಸರಿಲ್ಲ, ಸಹಿಯಿಲ್ಲ. ಯಾರು ಬರೆಯುತ್ತಾರೆ, ಯಾವಾಗ ಅಂಟಿಸುತ್ತಾರೆ, ಕಂಡವರಿಲ್ಲ.

ಬೀದಿಯ ಜನಕ್ಕೆ ಮಾತ್ರ ನೆಲದ ಮೇಲೆ ಕಾಲೇ ನಿಲ್ಲುತ್ತಿರಲಿಲ್ಲ. ಟೈಲರ್ ಅಂಗಡಿಗೆ ಬಂದ ಗಿರಾಕಿಗಳನ್ನೆಲ್ಲ ಕರೆದುಕೊಂಡು ಹೋಗಿ ತನ್ನ ಚಿತ್ರ ತೋರಿಸಿ ಬರುತ್ತಿದ್ದ. ಆ ಟೈಲರ್ ಬೇರೆ ಯಾರೂ ಅಲ್ಲ, ನಮ್ಮ ಲಾಯರ್‌ನ ಅಪ್ಪ.

"ಶನಿವಾರ ಎಲ್ಲಾನೂ ಗೋಡೆಯಿಂದ ಬಿಡಿಸಿ ಸ್ಕೂಲ್ ಲೈಬ್ರರಿಲಿ ಹಾಕ್ತಾರಂತೆ. ನಮ್ಮಪ್ಪ ಪರ್ಮನೆಂಟ್ ಆಗಿ ಅಲ್ಲಿರ್ತಾರೆ," ಎಂದ ಲಾಯರ್. ಗೋಡೌನ್ ಕೆಡವುವ ಸುದ್ದಿ ಬಂದಿತ್ತು. ಚಿತ್ರಗಳು ಹಾಳಾಗಬಾರದೆಂದು ಹೆಡ್‌ಮಿಸ್ಸೇ ಹಾಗೆ ಹೇಳಿದ್ದರು. "ನಿಮ್ಮಮ್ಮಂದೊಂದು ಬರಲೇ ಇಲ್ಲ ನೋಡು."

"ಬರತ್ತೆ."

"ಇವತ್ತು ಬುಧವಾರ. ಇಸ್ತ್ರಿ ಹಾಕೋದೇನು ದೊಡ್ಡ ಕೆಲಸ ಅಂತ ಬರೀತಾರೆ?"

ಚೂಟಿಗೆ ಮೈಯೆಲ್ಲ ಉರಿದುಹೋಯಿತು. ಇವನ ಅಪ್ಪ ಹೊಲಿದ ಅಂಗಿಗೂ ಕೊನೆಗೆ ಅಮ್ಮನ ಕೈ ಬೀಳಲೇಬೇಕು. ಈ ಬೀದಿಯಲ್ಲಿ ಯಾರೇ ನೆಟ್ಟಗೆ ಡ್ರೆಸ್ ಮಾಡಿಕೊಂಡು ಹೊರಟರೂ ಅದರ ಹಿಂದೆ ಅಮ್ಮ ಇದ್ದಾಳೆ. ಅಂಥವಳನ್ನೇ ಬಿಟ್ಟುಬಿಟ್ಟರೆ?

"ಬರೆಯೋರು ಯಾರು ಅಂತ ಕಂಡುಹಿಡೀತೀನಿ. ಕಂಡುಹಿಡಿದು ಅಮ್ಮನ ಚಿತ್ರ ಬರೆಸ್ತೀನಿ. ಶನಿವಾರದೊಳಗೆ," ಎಂದಳು.

"ನಾನೂ ಬರ್ತೀನಿ," ಎಂದ ಲಾಯರ್. ವಾದ ಮಾಡುವವನಾದರೂ ಮನಸ್ಸು ಒಳ್ಳೆಯದು.

ಮೊದಲ ಅನುಮಾನ ಡ್ರಾಯಿಂಗ್ ಮೇಷ್ಟ್ರ ಮೇಲೆ. ಮಧ್ಯಾಹ್ನದ ಬಿಡುವಿನಲ್ಲಿ ಇಬ್ಬರೂ ಅವರ ಮುಂದೆ ನಿಂತರು. ಮೇಷ್ಟ್ರು ನಕ್ಕುಬಿಟ್ಟರು.

"ನಾನೇ ಅಂತ ಹೇಳೋಕೆ ಆಸೆಯೇನೋ ಇದೆ. ಆದರೆ ನನ್ನ ಕೈಲಿ ಆಗಲ್ಲ ಕಣ್ರೋ. ನಾನು ಮುಖದಿಂದ ಶುರು ಮಾಡೋನು. ಇವರು ಬಟ್ಟೆಯಿಂದ ಶುರು ಮಾಡಿದಾರೆ. ಆ ಸುಕ್ಕುಗಳನ್ನ ನೋಡಿದ್ರಾ? ಮೊಣಕೈ ಮಡಚಿದರೆ ಎಲ್ಲಿ ಸುಕ್ಕು ಬೀಳಬೇಕೋ ಅಲ್ಲೇ ಬಿದ್ದಿದೆ."

"ಹಾಗಾದ್ರೆ ನಮ್ಮಪ್ಪನೇ ಇರ್ಬೇಕು," ಎಂದು ಲಾಯರ್ ಎದೆಯುಬ್ಬಿಸಿದ. ಬಟ್ಟೆಯ ವಿಷಯ ಟೈಲರ್‌ಗಿಂತ ಚೆನ್ನಾಗಿ ಯಾರಿಗೆ ಗೊತ್ತು?

ಆದರೆ ಆ ಸಂತೋಷ ಸಂಜೆಯವರೆಗೂ ಬಾಳಲಿಲ್ಲ. ಒಂದು ಬೆಕ್ಕು ಬರೆದುಕೊಡು ಅಂತ ಲಾಯರ್ ಅಪ್ಪನನ್ನು ಕೇಳಿದ. ಅಪ್ಪ ಬರೆದ ಬೆಕ್ಕಿಗೆ ಐದು ಕಾಲಿದ್ದವು. "ಅದು ಬಾಲ ಕಣೋ," ಎಂದು ಅಪ್ಪ ಸಮಜಾಯಿಷಿ ಕೊಟ್ಟರೂ ಕೇಸು ಅಲ್ಲಿಗೇ ಬಿದ್ದುಹೋಯಿತು.

ಗುರುವಾರ ಸಂಜೆ ಗೋಡೆಯ ಹತ್ತಿರ ಪೋಸ್ಟ್‌ಮ್ಯಾನ್ ಮಾಮ ಸಿಕ್ಕರು. ತಮ್ಮ ಚಿತ್ರದ ಮುಂದೆ ಸೈಕಲ್ ನಿಲ್ಲಿಸಿಕೊಂಡು ತಲೆ ಕೆರೆದುಕೊಳ್ಳುತ್ತಿದ್ದರು.

"ಏನ್ ಮಾಮ?" ಎಂದಳು ಚೂಟಿ.

"ಇಲ್ಲಿ ನೋಡಮ್ಮ, ಭುಜದ ಹತ್ತಿರ. ಈ ತೇಪೆ." ಅವರು ಧ್ವನಿ ಇಳಿಸಿದರು. "ಚೀಲದ ಪಟ್ಟಿ ಉಜ್ಜಿ ಉಜ್ಜಿ ಅಂಗಿ ಹರಿದಿತ್ತು, ನಿಮ್ಮತ್ತೆ ತೇಪೆ ಹಾಕಿದ್ಲು. ಮೇಲೆ ಯಾವಾಗಲೂ ಪಟ್ಟಿ ಇರುತ್ತೆ, ಕಾಣಲ್ಲ. ನಾನು ಹೊರಗೆ ಚೀಲ ಕೆಳಗಿಡೋದೇ ಇಲ್ಲ, ನಾಚಿಕೆ. ನಮ್ಮನೇಲಿ ಬಿಟ್ಟರೆ ಇನ್ಯಾರಿಗೂ ಗೊತ್ತಿಲ್ಲ. ಬರೆದವರಿಗೆ ಹೇಗೆ ಗೊತ್ತಾಯ್ತು?"

ಚೂಟಿ ಚಿತ್ರದ ಹತ್ತಿರ ಹೋಗಿ ನೋಡಿದಳು. ಆ ತೇಪೆ ಅವಳಿಗೂ ಗೊತ್ತಿತ್ತು. ಮೊನ್ನೆ ಮಾಮನ ಮನೆಯಿಂದ ಬಟ್ಟೆ ಗಂಟು ತಂದವಳು ಅವಳೇ. ಅಂಗಿ ಎಣಿಸಿ ಅಮ್ಮನ ಮೇಜಿನ ಮೇಲೆ ಇಟ್ಟವಳೂ ಅವಳೇ.

ಅಂಗಿ. ಸುಕ್ಕು. ಇದ್ದಿಲು. ಕಂಕುಳಲ್ಲಿ ಕೂಸಿಟ್ಟುಕೊಂಡು ಊರೆಲ್ಲ ಹುಡುಕಿದರಂತೆ, ಅಂಥ ಪತ್ತೇದಾರಿ ಇವಳದು.

"ಏನಾಯ್ತೇ?" ಎಂದ ಲಾಯರ್.

"ಹೊಟ್ಟೆ ನೋವು," ಎಂದವಳೇ ಮನೆಗೆ ಓಡಿದಳು.

ಮನೆಯ ಮುಂದಿನ ಕೋಣೆಯ ತುಂಬ ಅಮ್ಮನ ಮೇಜು. ಅಮ್ಮ ಒಂದು ಅಂಗಿಗೆ ನೀರು ಚಿಮುಕಿಸಿ, ಇಸ್ತ್ರಿ ಪೆಟ್ಟಿಗೆಯನ್ನು ಅದರ ಮೇಲೆ ಎಳೆಯುತ್ತಿದ್ದಳು. ಪೆಟ್ಟಿಗೆಯ ಒಳಗೆ ಕೆಂಡ ಮಿಣಿಮಿಣಿ ಎನ್ನುತ್ತಿತ್ತು.

ಚೂಟಿ ಏದುಸಿರು ಬಿಡುತ್ತಲೇ ಕೇಳಿದಳು. "ಅಮ್ಮ, ಪೋಸ್ಟ್‌ಮ್ಯಾನ್ ಮಾಮನ ಅಂಗಿಲಿ ತೇಪೆ ಯಾವ ಕಡೆ ಇದೆ?"

"ಎಡಗಡೆ. ಭುಜದ ಹೊಲಿಗೆಯಿಂದ ಎರಡು ಬೆರಳು ಕೆಳಗೆ," ಎಂದಳು ಅಮ್ಮ ತಲೆಯೆತ್ತದೆ. ಆಮೇಲೆ ಅವಳ ಕೈ ನಿಂತಿತು. ಅಂಗಿ ಸುಟ್ಟೀತೆಂದು ಪೆಟ್ಟಿಗೆಯನ್ನು ಎತ್ತಿ ಪಕ್ಕಕ್ಕಿಟ್ಟಳು.

"ನೀನೇನಾ ಅಮ್ಮ?"

ಅಮ್ಮ ಸೆರಗಿನಿಂದ ಮುಖ ಒರೆಸಿಕೊಂಡಳು. ನಗು ತಡೆಯಲು ನೋಡಿದಳು, ಆಗಲಿಲ್ಲ.

"ಪೆಟ್ಟಿಗೆ ಕಾಯೋಕೆ ಹೊತ್ತು ಹಿಡಿಯುತ್ತಲ್ಲ. ನೀನು ಸ್ಕೂಲಿಗೆ ಹೋದ ಮೇಲೆ ಸುಮ್ಮನೆ ಕೂರೋ ಬದಲು ಗೀಚ್ತಾ ಇದ್ದೆ. ಬಟ್ಟೆಗೆ ಹಾಕೋ ಗಂಜಿ ಹೇಗೂ ಉಳಿಯುತ್ತೆ. ಬೆಳಿಗ್ಗೆ ಬಟ್ಟೆ ಕೊಡೋಕೆ ಹೋದಾಗ ಅಂಟಿಸಿ ಬರ್ತಿದ್ದೆ."

"ಯಾರು ಕಲಿಸಿದ್ರು?"

"ಯಾರು ಕಲಿಸ್ತಾರೆ? ಹದಿನೈದು ವರ್ಷ ಇವರ ಅಂಗಿಗಳನ್ನೇ ನೋಡಿದೀನಿ. ಅಂಗಿ ನೋಡಿದ್ರೆ ಸಾಕು, ಮನುಷ್ಯ ಹೇಗೆ ನಿಲ್ತಾನೆ, ಯಾವ ಕೈಲಿ ಭಾರ ಹೊರ್ತಾನೆ, ಎಲ್ಲಾ ಗೊತ್ತಾಗುತ್ತೆ."

ಚೂಟಿಗೆ ಹೆಮ್ಮೆ ತಡೆಯಲಾಗಲಿಲ್ಲ. ಮೇಜು ಸುತ್ತಿ ಬಂದು ಅಮ್ಮನನ್ನು ತಬ್ಬಿಕೊಂಡಳು. ಹನ್ನೊಂದು ಚಿತ್ರಗಳು, ಹನ್ನೊಂದೂ ತನ್ನ ಅಮ್ಮ ಬರೆದದ್ದು. ಈಗಲೇ ಬೀದಿಗೆ ಹೋಗಿ ಎಲ್ಲರಿಗೂ ಕೇಳುವ ಹಾಗೆ ಕೂಗಿಬಿಡಬೇಕು. ಮೊದಲು ಲಾಯರ್‌ನ ಕಿವಿಯಲ್ಲಿ.

"ಯಾರಿಗೂ ಹೇಳ್ಬಾರ್ದು," ಎಂದಳು ಅಮ್ಮ.

"ಯಾಕಮ್ಮ?"

"ಹರಿದದ್ದು, ಕಲೆಯಾದದ್ದು, ಎಲ್ಲಾನೂ ನಂಬಿ ನನ್ನ ಕೈಗೆ ಕೊಡ್ತಾರೆ. ಇವಳು ನೋಡ್ತಾಳೆ ಅಂತ ಗೊತ್ತಾದ್ರೆ ಸಂಕೋಚ ಪಡ್ತಾರೆ. ಆ ತೇಪೆನೂ ಬರೀಬಾರದಿತ್ತು, ಅವರು ಅದನ್ನ ಮುಚ್ಚಿಡ್ತಿದ್ದದ್ದು ನನಗೆ ತಿಳೀಲಿಲ್ಲ. ನೀಟಾಗಿ ಹಾಕಿದ ತೇಪೆ, ಚೆನ್ನಾಗಿ ಕಾಣ್ತು, ಬರೆದೆ. ಅದರ ಮೇಲೆ ಗೆರೆ ಎಳೆದು ಚೀಲದ ಪಟ್ಟಿ ಮಾಡ್ತೀನಿ."

"ಮತ್ತೆ ನಿನ್ನ ಚಿತ್ರ?" ಎಂದಳು ಚೂಟಿ.

"ನನ್ನದ್ಯಾಕೆ, ಬಿಡು. ನನ್ನ ಬೆನ್ನು ನನಗೆ ಕಾಣುತ್ತಾ?" ಎಂದು ಅಮ್ಮ ಮತ್ತೆ ಪೆಟ್ಟಿಗೆ ಹಿಡಿದಳು.

ಅಮ್ಮನಿಗೆ ಕಾಣದಿದ್ದರೇನು, ಚೂಟಿಗೆ ಕಾಣುತ್ತಿತ್ತು. ದಿನಾ ಹೋಂವರ್ಕ್ ಮಾಡಲು ಕೂರುವ ಹೊಸ್ತಿಲಿನಿಂದ ಕಾಣುವುದೇ ಆ ಬೆನ್ನು. ಬಲಗೈ ಮುಂದಕ್ಕೆ ಹೋದಾಗ ಎಡ ಹಿಮ್ಮಡಿ ಸ್ವಲ್ಪ ಏಳುತ್ತದೆ. ಕುತ್ತಿಗೆಯ ಮೇಲೆ ಒಂದು ಎಳೆ ಕೂದಲು ಯಾವಾಗಲೂ ಗಂಟಿನಿಂದ ಜಾರಿರುತ್ತದೆ.

ಶುಕ್ರವಾರ ಅಮ್ಮ ಬಟ್ಟೆ ಕೊಡಲು ಹೋದಾಗ ಚೂಟಿ ಇದ್ದಿಲ ಚೂರೊಂದನ್ನು ಕೈಗೆತ್ತಿಕೊಂಡಳು. ಮೊದಲ ಕಾಗದದಲ್ಲಿ ಅಮ್ಮ ತೆಂಗಿನ ಮರದಷ್ಟು ಉದ್ದವಾದಳು. ಎರಡನೆಯದರಲ್ಲಿ ಇಸ್ತ್ರಿ ಪೆಟ್ಟಿಗೆ ಬೂಟಿನ ಹಾಗೆ ಕಂಡಿತು. ಮೂರನೆಯದರ ಮೇಲೆ ಕಣ್ಣೀರು ಬಿದ್ದು ಎಲ್ಲ ಕಲಸಿಹೋಯಿತು. ನಾಲ್ಕನೆಯದರಲ್ಲಿ ಕೈ ವಾರೆಯಾಗಿತ್ತು, ಮೇಜಿನ ಒಂದು ಕಾಲು ಗಿಡ್ಡವಾಗಿತ್ತು. ಆದರೆ ಬೆನ್ನು ಮಾತ್ರ ಅಮ್ಮನದೇ. ಸಾಕು ಎಂದುಕೊಂಡಳು.

ಶನಿವಾರ ಬೆಳಿಗ್ಗೆ ಬೇಗ ಹೋಗಿ, ಗಂಜಿ ಬಳಿದು ಸಾಲಿನ ಕೊನೆಯಲ್ಲಿ ಅಂಟಿಸಿಬಂದಳು. ಹತ್ತು ಗಂಟೆಗೆ ಅಟೆಂಡರ್ ಚಿತ್ರಗಳನ್ನು ಒಂದೊಂದಾಗಿ ಗೋಡೆಯಿಂದ ಜೋಪಾನವಾಗಿ ಬಿಡಿಸಿ ಲೈಬ್ರರಿಗೆ ತಂದರು. ಅರ್ಧ ಬೀದಿಯೇ ಅವರ ಹಿಂದೆ ಬಂತು.

"ಇದು ಡೂಪ್ಲಿಕೇಟ್," ಎಂದ ಲಾಯರ್, ಕೊನೆಯದನ್ನು ನೋಡಿದವನೇ. "ಗೆರೆನೇ ಬೇರೆ. ಸರ್, ನೀವೇ ನೋಡಿ."

ಡ್ರಾಯಿಂಗ್ ಮೇಷ್ಟ್ರು ಬಗ್ಗಿ ನೋಡಿದರು. ಆಮೇಲೆ ಚೂಟಿಯ ಕಪ್ಪಾದ ಉಗುರುಗಳನ್ನು ನೋಡಿದರು. "ಇದೂ ಇರಲಿ," ಎಂದಷ್ಟೇ ಹೇಳಿದರು.

ಪೋಸ್ಟ್‌ಮ್ಯಾನ್ ಮಾಮ ಆಗಲೇ ತಮ್ಮ ಚಿತ್ರದ ಮುಂದೆ ಹೋಗಿ ನಿಂತಿದ್ದರು. ತೇಪೆಯ ಜಾಗದಲ್ಲೀಗ ಕೆಳಗಿನ ಚೀಲದಿಂದ ಭುಜದವರೆಗೂ ಬಂದ ಪಟ್ಟಿ ಇತ್ತು. ಅವರು ಎರಡು ಸಲ ಕಣ್ಣುಜ್ಜಿಕೊಂಡು ನೋಡಿ, ಎದೆ ಸೆಟೆಸಿ ನಿಂತರು. ಎಲ್ಲರೂ ತಮ್ಮ ತಮ್ಮ ಬೆನ್ನನ್ನು ತಾವೇ ನೋಡಿ ಬೀಗುತ್ತಿದ್ದರು. ಇವೆಲ್ಲ ನಮ್ಮಮ್ಮ ಬರೆದದ್ದು ಎಂಬ ಮಾತು ಚೂಟಿಯ ನಾಲಿಗೆಯ ತುದಿಗೆ ಬಂದು ಬಂದು ನಿಂತಿತು. ತುಟಿ ಕಚ್ಚಿ ಅದನ್ನು ಒಳಗೇ ಇಟ್ಟುಕೊಂಡಳು.

ಅಷ್ಟರಲ್ಲಿ ಅಮ್ಮ ಬಂದಳು. ತೋಳಿನ ಮೇಲೆ ಲೈಬ್ರರಿಯ ಪರದೆಗಳು, ಆಗತಾನೆ ಇಸ್ತ್ರಿ ಹಾಕಿದವು. ಸಾಲಾಗಿ ನೋಡುತ್ತ ಬಂದವಳು ಕೊನೆಯ ಚಿತ್ರದ ಮುಂದೆ ನಿಂತುಬಿಟ್ಟಳು.

ಚೂಟಿ ಲಾಯರ್‌ನ ಬೆನ್ನ ಹಿಂದೆ ಸರಿದಳು. ಕೇಳದೆ ಮಾಡಿದ್ದಕ್ಕೆ ಬೈದರೆ?

ಅಮ್ಮನ ಕೈ ನಿಧಾನವಾಗಿ ಕುತ್ತಿಗೆಯ ಹಿಂದಕ್ಕೆ ಹೋಗಿ ಜಾರಿದ ಕೂದಲನ್ನು ಮುಟ್ಟಿ ನೋಡಿತು. ಆಮೇಲೆ ಅಟೆಂಡರ್ ಕಡೆ ತಿರುಗಿದಳು.

"ಅಣ್ಣ, ಈ ಕೊನೇದು ಕಪಾಟಿನ ಮರೆಗೆ ಹೋಗಿದೆ. ಒಂಚೂರು ಈಚೆಗೆ ಹಾಕ್ತೀರಾ? ಬಂದೋರಿಗೆ ಕಾಣಲಿ."

ಮೊನ್ನೆ 'ನನ್ನದ್ಯಾಕೆ, ಬಿಡು' ಅಂದವಳು ಇದೇ ಅಮ್ಮ. ಆ ಮಾತನ್ನು ತಾನು ಪೂರ್ತಿ ನಂಬಿಬಿಟ್ಟಿದ್ದೆನಲ್ಲ ಎಂದು ಚೂಟಿಗೆ ಆಗ ಅನಿಸಿತು.

ಅಟೆಂಡರ್ ಸ್ಟೂಲು ಹಾಕಿ ಹತ್ತಿದರು. ಅದು ಅಲ್ಲಾಡದ ಹಾಗೆ ಚೂಟಿ ಓಡಿಹೋಗಿ ಎರಡೂ ಕೈಯಲ್ಲಿ ಗಟ್ಟಿಯಾಗಿ ಹಿಡಿದುಕೊಂಡಳು.