ಇದ್ದಿಲಿನ ಪ್ರಶ್ನೆ

"ಈ ಕರೀ ಇದ್ದಿಲು ಯಾಕ ಹಾಕ್ತೀವಿ, ಹೇಳೋ ಗೋಪ್ಯಾ?"

ವೆಂಕಟೇಶರಾಯರು ಕೇಳಿದ್ದು ಇಷ್ಟೇ. ಆದರೆ ಎಲ್ಲರೆದುರಿಗೆ ಕೇಳಿದರು. ಬಾಲಾನಗರದ ಆ ಶೆಡ್ಡಿನಲ್ಲಿ ಉಸಿರಾಡುವ ಗಾಳಿಯನ್ನು ಒತ್ತಿ ಒತ್ತಿ ಸಿಲಿಂಡರಿಗೆ ತುಂಬುತ್ತಾರೆ. ಕೆಮಿಕಲ್ ಟ್ಯಾಂಕಿನೊಳಗೆ ಇಳಿದು ತೊಳೆಯುವವರು ಅದನ್ನು ಬೆನ್ನಿಗೆ ಕಟ್ಟಿಕೊಂಡು ಇಳಿಯುತ್ತಾರೆ. ರಾಯರು ಅಲ್ಲಿನ ಹಿರಿಯ ಮೇಲ್ವಿಚಾರಕ, ಗೋಪಿನಾಥ ಅವರ ಕೈಕೆಳಗೆ ಕಂಪ್ರೆಸರ್ ನಡೆಸುವವ. ಫಿಲ್ಟರ್ ಬಿಚ್ಚಿ, ಇದ್ದಿಲನ್ನು ಅಂಗೈಗೆ ಸುರಿದುಕೊಂಡು ರಾಯರು ಕೇಳಿದಾಗ ಗೋಪಿನಾಥ ತಲೆ ಕೆರೆದುಕೊಂಡ.

"ಪಂಕ್ಚರ್ ಅಂಗಡಿಗೆ ಹೋಗಪಾ. ಅಲ್ಲಿ ಗಾಳಿ ಹೆಂಗಿದ್ರೂ ನಡೀತದ."

ರಾಯರ ಮಾತಿಗೆ ಎಲ್ಲರೂ ಹೋ ಎಂದು ನಕ್ಕರು. ಊಟದ ಡಬ್ಬಿ ಹಿಡಿದು ಬಾಗಿಲಲ್ಲಿ ನಿಂತಿದ್ದ ಅವನ ಹೆಂಡತಿ ಶಿವದೇವಿ ಮಾತ್ರ ನಗಲಿಲ್ಲ, ತಲೆ ತಗ್ಗಿಸಿದಳು. ಅವನಿಗೆ ನೆಲ ಬಾಯಿಬಿಟ್ಟು ನುಂಗಬಾರದೇ ಅನ್ನಿಸಿತು. ರಾಯರು ಉತ್ತರ ಬಿಡಿಸಿ ಹೇಳತೊಡಗಿದ್ದರು. ಅದನ್ನು ಕೇಳುವ ವ್ಯವಧಾನ ಯಾರಿಗಿತ್ತು? ಡಬ್ಬಿ ಇಸಿದುಕೊಂಡವನೇ ಹೊರಗೆ ನಡೆದುಬಿಟ್ಟ.

ಮುದುಕನ ಮಾನವೂ ಹೋಗಬೇಕು, ಅದೂ ಎಲ್ಲರೆದುರಿಗೆ. ಅಂದು ಸಂಜೆಗೆಲ್ಲ ಗೋಪಿನಾಥನ ಲೆಕ್ಕಾಚಾರ ಮುಗಿದಿತ್ತು. ತುಂಬಿದ ಸಿಲಿಂಡರಿಗೆ ಸೀಲು ಹಾಕುವವರು ರಾಯರೊಬ್ಬರೇ, ಸೀಲು ಯಾರದೋ, ಹೊಣೆಯೂ ಅವರದೇ. ಸೀಲಿಗೆ ಮುಂಚೆ ಅವರು ವಾಲ್ವ್ ತೆರೆದು ಮೂಸಿ ನೋಡುವುದುಂಟು, ಆದರೆ ನಶ್ಯ ಏರಿಸಿ ಏರಿಸಿ ಆ ಮೂಗು ಎಂದೋ ಸತ್ತಿತ್ತು. ಟ್ಯಾಂಕಿಗಿಳಿಯುವ ಮಲ್ಲುವಿನ ಮೂಗು ಹಾಗಲ್ಲ. ಕುಷ್ಟಗಿ ಕಡೆಯ ಆ ಹುಡುಗ ಮಾಸ್ಕ್ ಹಾಕುವ ಮುನ್ನ ತಾನೂ ಒಮ್ಮೆ ಮೂಸುತ್ತಿದ್ದ. ಅದು ಅಲ್ಲಿನವರ ಪದ್ಧತಿ. ಹೊಗೆಯ ವಾಸನೆ ಬಡಿದರೆ ಸಿಲಿಂಡರ್ ಬಿಸಾಕಿ ಬೊಬ್ಬೆ ಹೊಡೆಯುತ್ತಾನೆ, ಮಾಲೀಕರು ಓಡಿ ಬರುತ್ತಾರೆ, ಮುದುಕ ಮನೆಗೆ. ಯಾರ ಕೂದಲೂ ಕೊಂಕುವುದಿಲ್ಲ. ತಾನೇನು ಕೊಲೆಗಾರನೇ? ಛೆ! ಹಾಗೆಂದುಕೊಂಡರೂ ಮನೆಯಲ್ಲಿ ಶಿವದೇವಿ ಬಡಿಸುವಾಗ ಅವಳ ಮುಖ ನೋಡಲಾಗಲಿಲ್ಲ.

ಮರುದಿನ ಕರೆಂಟ್ ಹೋಗಿ ಡೀಸೆಲ್ ಜನರೇಟರ್ ಶುರುವಾಯಿತು. ರಾಯರು ಚಹಾಕ್ಕೆ ಹೋದರು. ಹೊರಗಿನ ಗಾಳಿ ಎಳೆಯುವ ಪೈಪಿನ ಬಾಯನ್ನು ಗೋಪಿನಾಥ ಜನರೇಟರಿನ ಹೊಗೆಯತ್ತ ತಿರುಗಿಸಿದ. ಕೆಲಸವನ್ನು ಎಂದಿಗಿಂತ ಅಚ್ಚುಕಟ್ಟಾಗಿ ಮಾಡಿದ. ಒತ್ತಿದಂತೆಲ್ಲ ಗಾಳಿ ಕಾಯುತ್ತದೆ, ತಣಿದಂತೆಲ್ಲ ನೀರು ಬಿಡುತ್ತದೆ. ಆ ನೀರನ್ನು ಆಗಾಗ ಹೊರಗೆ ಬಿಟ್ಟ. ತನ್ನ ಕಡೆ ಯಾರೂ ಬೆರಳು ತೋರಿಸಬಾರದೆಂದು ಫಿಲ್ಟರಿಗೆ ಮೊದಲೇ ಹೊಸ ಇದ್ದಿಲನ್ನೂ ತುಂಬಿದ್ದ. ಸಿಲಿಂಡರ್ ತುಂಬಿದ ಮೇಲೆ ಪೈಪನ್ನು ಮೊದಲಿನಂತೆ ತಿರುಗಿಸಿಟ್ಟ.

ರಾಯರು ಮೂಸಿದರು, ತಲೆಯಾಡಿಸಿದರು, ಸೀಲು ಹಾಕಿದರು.

ಪಕ್ಕದ ಕಾರ್ಖಾನೆಯ ಅಂಗಳದಲ್ಲಿ ಟ್ಯಾಂಕು. ತಮಾಷೆ ನೋಡಲು ರಾಯರ ಹಿಂದೆ ಗೋಪಿನಾಥನೂ ಹೋದ. ಮಲ್ಲು ಸೀಲು ಒಡೆದು ವಾಲ್ವ್ ತೆರೆದು ಮೂಗು ಒಡ್ಡಿದ. ಮತ್ತೊಮ್ಮೆ ಎಳೆದುಕೊಂಡ.

"ಗಾಳಿ ಭಾಳ ಚಲೋ ಐತ್ರೀ ಸಾಹೇಬ್ರ" ಎಂದವನೇ ಮಾಸ್ಕ್ ಬಿಗಿದು, ಸೊಂಟಕ್ಕೆ ಹಗ್ಗ ಕಟ್ಟಿಸಿಕೊಂಡು ಇಳಿದೇಬಿಟ್ಟ. ಮೇಲೆ ಹಗ್ಗ ಹಿಡಿದವನು ಅವನ ಜೊತೆಗಾರ ಹುಲಗೇಶ. ಇದೇನಾಯಿತು? ವಾಸನೆ ಎಲ್ಲಿ ಹೋಯಿತು? ಗೋಪಿನಾಥ ಕಕ್ಕಾಬಿಕ್ಕಿಯಾದ.

ರಾಯರು ಅವನ ಹೆಗಲ ಮೇಲೆ ಕೈಯಿಟ್ಟರು. "ನಿನ್ನೆ ನಿನ್ನ ಹೆಂಡ್ತಿ ಮುಂದ ಹಂಗ ಅನಬಾರದಿತ್ತೋ. ತಪ್ಪಾತು. ಉತ್ತರಾನೂ ಕೇಳದ ಹೋದಿ ನೋಡು. ಇದ್ದಿಲು ಎಣ್ಣಿ ವಾಸನಿ, ಹೊಗಿ ವಾಸನಿ ಹೀರ್ತದ. ಆದ್ರ ಹೊಗಿಯೊಳಗಿನ ಖರೇ ವಿಷಕ್ಕ ವಾಸನೀನ ಇಲ್ಲ. ಅದು ಇದ್ದಿಲು ದಾಟಿ ಸೀದಾ ಸಿಲಿಂಡರಿಗೆ ಹೋಗ್ತದ. ಅದಕ್ಕ ಪೈಪಿನ ಬಾಯಿ ಹೊಗಿಯಿಂದ ದೂರ ಇಡೂದು."

"ಎಳೀರೋ! ಮಲ್ಲೂನ್ನ ಮ್ಯಾಲ ಎಳೀರಿ!" ಗೋಪಿನಾಥ ಕಿರುಚಿಕೊಂಡು ಹೋಗಿ ಹುಲಗೇಶನ ಜೊತೆ ಹಗ್ಗಕ್ಕೆ ಬಿದ್ದ. ಮೇಲೆ ಬಂದ ಮಲ್ಲುವಿನ ಮಾಸ್ಕ್ ಕಿತ್ತೆಸೆದ. ಹುಡುಗ ತೂರಾಡಿದ, ತಲೆ ಹಿಡಿದು ಕೂತ, ಆದರೆ ಉಸಿರಾಡುತ್ತಿದ್ದ. "ಗಾಳಿ ಕೆಟ್ಟೈತಿ" ಎಂದ ಗೋಪಿನಾಥ, ಏದುಸಿರು ಬಿಡುತ್ತ. ಹುಲಗೇಶ ಸಿಲಿಂಡರ್ ಮೂಸಿದ, ಏನೂ ಇಲ್ಲವೆಂದು ತಲೆಯಾಡಿಸಿದ. ರಾಯರು ಎಲ್ಲರೆದುರಿಗೆ ಮೆಲ್ಲನೆ ಕೇಳಿದರು: "ವಾಸನೀನ ಇಲ್ಲಲ್ಲೋ ಗೋಪ್ಯಾ. ಕೆಟ್ಟದ ಅಂತ ನಿನಗ ಹೆಂಗ ಗೊತ್ತಾತು?" ಇವತ್ತು ಯಾರೂ ನಗಲಿಲ್ಲ. ಗೇಟಿನ ಬಳಿ ಊಟದ ಡಬ್ಬಿ ಹಿಡಿದು ಶಿವದೇವಿ ನಿಂತಿದ್ದಳು, ಅವಳೂ ಅವನ ಉತ್ತರಕ್ಕೇ ಕಾಯುತ್ತಿದ್ದಳು.