ಎಡಕ್ಕೆ ಹೊಸೆದ ಹಗ್ಗ

ಸುಮಿರೆ ಮತ್ತು ಅವಳ ಅಮ್ಮ ಲೋರ್ನಾ ಹೊಸೆದಿದ್ದ ಹುಲ್ಲಿನ ಹಗ್ಗವನ್ನು ಜಪಾನಿನ ಆ ಹಳ್ಳಿಯ ಇನಾರಿ ದೇವರ ಗುಡಿಯ ಬಾಗಿಲಿಂದ ಬಿಚ್ಚಿಸಿ, ಗುಡಿ ಕಮಿಟಿಯ ಹಿರಿಯ ಇವಾಬುಚಿ ಶೆಡ್ಡಿನ ಹಿಂದೆ ಎಸೆಯಿಸಿದರು.

“ಬಲಕ್ಕೆ ಹೊಸೆದಿದೀರಂತೆ,” ಎಂದಳು ಗೆಳತಿ ವಕಾನಾ, ಪರ್ಸಿಮನ್ ಹಣ್ಣು ಕಚ್ಚುತ್ತಾ. “ಇವಾಬುಚಿ ತಾತ ಎಲ್ರಿಗೂ ಹೇಳ್ಕೊಂಡ್ ಬರ್ತಿದಾರೆ. ದೇವ್ರ ಹಗ್ಗ ಎಡಕ್ಕಲ್ವೇನೆ? ನಿಮ್ದು ಹೊರೆ ಕಟ್ಟಕ್ಕೆ ಲಾಯಕ್ಕು ಅಷ್ಟೆ!”

ಸುಮಿರೆ ತನ್ನ ಅಂಗೈಗಳನ್ನು ನೋಡಿಕೊಂಡಳು. ಗದ್ದೆ ಕೆಲಸದ ಹಗ್ಗಗಳನ್ನೆಲ್ಲ ಅವಳು ಹೊಸೆಯುವುದು ಬಲಕ್ಕೇ. ಅಮ್ಮನ ಜೊತೆ ಮಾತಿನ ಭರದಲ್ಲಿ ಕೈ ರೂಢಿಗೆ ಬಿದ್ದುಬಿಟ್ಟಿತೇ?

ನಾಳೆ ಸುಗ್ಗಿ ಹಬ್ಬ. ಊರೆಲ್ಲ ಹೊಸ ಅಕ್ಕಿ ತಂದು ದೇವರ ಮುಂದೆ ಇಡುತ್ತದೆ. ತನ್ನಿಂದಾಗಿ ಅಮ್ಮ ಮತ್ತೆ ಬಗ್ಗಿ ಕ್ಷಮೆ ಕೇಳಬೇಕು! ಅಮ್ಮ ಫಿಲಿಪ್ಪೀನ್ಸಿನಿಂದ ಮದುವೆಯಾಗಿ ಬಂದವಳು. ಬೀದಿಯಲ್ಲಿ ಯಾರ ಮನೆ ನಾಯಿ ಬೊಗಳಿದರೂ ಮೊದಲು ಕ್ಷಮೆ ಕೇಳುವವಳು ಅವಳೇ.

ಸುಮಿರೆ ಶೆಡ್ಡಿನ ಹಿಂದಕ್ಕೆ ಓಡಿದಳು. ಹಗ್ಗ ಕೆಸರಿನಲ್ಲಿ ಬಿದ್ದಿತ್ತು. ಪಕ್ಕದಲ್ಲೇ ಭತ್ತದ ಕಟ್ಟುಗಳನ್ನು ಒಣಹಾಕಿದ್ದ ಬಿದಿರುಗಳು. ಅಲ್ಲಿಂದ ಬಲಕ್ಕೆ ಹೊಸೆದ ಒಂದು ತುಂಡು ಹಗ್ಗ ಎಳೆದುಕೊಂಡು ಎರಡನ್ನೂ ಜೋಡಿಸಿ ಹಿಡಿದಳು.

ಒಂದರ ಹುರಿ ಈ ಕಡೆ ವಾಲಿತ್ತು. ಇನ್ನೊಂದರದ್ದು ಆ ಕಡೆ.

“ವಕಾನಾ, ನೋಡೇ ಇಲ್ಲಿ!”

“ಅಯ್ಯೋ, ಸರಿಯಾಗೇ ಇದೆಯಲ್ಲೇ!” ವಕಾನಾ ಹಣ್ಣು ಅಗಿಯುವುದನ್ನೇ ನಿಲ್ಲಿಸಿದಳು. “ಮತ್ತೆ ತಾತ ನೋಡೇ ಇಲ್ವಾ?”

ಸುಮಿರೆ ಉದ್ದಕ್ಕೆ ಉಸಿರು ಬಿಟ್ಟಳು. ನಗು ತಾನಾಗಿ ಬಂತು. ತನ್ನ ಕೈ ತಪ್ಪಿರಲಿಲ್ಲ. ಹಗ್ಗವನ್ನು ತಬ್ಬಿಕೊಂಡು ಗುಡಿಯ ಮುಂದಕ್ಕೆ ಓಡಿದಳು.

ಅಲ್ಲಿ ಅಮ್ಮ ತಲೆ ತಗ್ಗಿಸಿ ನಿಂತಿದ್ದಳು. ಇವಾಬುಚಿ ತಾತ ಅಂಗಡಿಯ ಪ್ಲಾಸ್ಟಿಕ್ ಹಗ್ಗವನ್ನು ಪ್ಯಾಕೆಟ್ಟಿನಿಂದ ಬಿಡಿಸುತ್ತಿದ್ದರು.

“ಅಮ್ಮಾ, ಎಡಕ್ಕೇ ಇದೆ! ತಾತಾ, ನೀವೇ ನೋಡಿ!”

“ನೋಡೋದೇನಿದೆ?” ತಾತ ತಲೆ ಎತ್ತಲೂ ಇಲ್ಲ. “ಹೊರಗಿನೋರ ಕೈಗೆ ಇದೆಲ್ಲ ಬರಲ್ಲ. ಲೋರ್ನಾ-ಸಾನ್, ನಾಳೆ ಎಲ್ರ ಮುಂದೆ ‘ತಪ್ಪಾಯ್ತು’ ಅಂದ್ಬಿಡಿ. ಮುಗೀತು.”

ಹಗ್ಗ ಯಾವ ಕಡೆ ತಿರುಗಿದ್ದರೂ ತಾತ ಬಿಚ್ಚಿಸಿಯೇ ಬಿಡುತ್ತಿದ್ದರು. ಸುಮಿರೆಗೆ ಅದು ಈಗ ತಿಳಿಯಿತು. ಅವಳು ಅಮ್ಮನ ಮುಖ ನೋಡಿದಳು.

ಅಮ್ಮ ಹಗ್ಗದ ಕೆಸರನ್ನು ಹೆಬ್ಬೆರಳಿನಿಂದ ಒರೆಸಿದಳು. ಹುರಿಯ ಮೇಲೆ ಮೆಲ್ಲಗೆ ಬೆರಳಾಡಿಸಿದಳು. ಅರ್ಧ ಬಗ್ಗಿದ್ದ ಅವಳ ಬೆನ್ನು ನೆಟ್ಟಗಾಯಿತು.

“ಇಲ್ಲ, ಇವಾಬುಚಿ-ಸಾನ್,” ಎಂದಳು. “ನಾನು ಹಾಗೆ ಹೇಳಲ್ಲ.”