ಕಾದ ಗಾಲಿ, ನಲವತ್ತೇಳು ಗೂಡು

ಸೋಮವಾರ ಬೆಳಗ್ಗೆ ಹತ್ತಕ್ಕೆ ಪಂಚಾಯಿತಿ ಸಭೆ. ಅಷ್ಟರೊಳಗೆ ನವಿಲುಗುಂಡ್ಲ ಕೆರೆಯ ನಡುಗಡ್ಡೆಯಲ್ಲಿ ಬಣ್ಣದ ಕೊಕ್ಕರೆಗಳ ಗೂಡು ಎಷ್ಟಿವೆ ಎಂದು ಎಣಿಸಿ ತರಬೇಕಿತ್ತು. ಲೆಕ್ಕ ಕೈಗೆ ಬಂದರೆ ಮೀನಿನ ಹರಾಜಿನಿಂದ ನಡುಗಡ್ಡೆಯನ್ನು ಬಿಡುತ್ತೇವೆ ಎಂದು ಅಧ್ಯಕ್ಷರು ಮಾತು ಕೊಟ್ಟಿದ್ದರು. ಇಲ್ಲವಾದರೆ ಬಲೆ, ಹಕ್ಕಿ ಓಡಿಸುವ ಪಟಾಕಿ, ಗದ್ದಲ. ಮರಿಗಳ ಗತಿ ದೇವರೇ ಬಲ್ಲ.

ಭಾನುವಾರ ಬೆಳಗ್ಗೆ ಆರಕ್ಕೆ ಜಂಗಮಕೋಟೆಯಿಂದ ಜೀಪು ಹೊರಟಿತು. ಹಿಂದೆ ಎರಡು ಗಾಲಿಯ ಟ್ರೈಲರ್, ಅದರ ಮೇಲೆ ಹಳದಿ ಬಣ್ಣದ ಫೈಬರ್ ದೋಣಿ. ರಜೆಯ ದಿನ ಕೆರೆಗಳಲ್ಲಿ ಸುತ್ತಾಡಲೆಂದು ಹರಿಣಿ ಹೋದ ತಿಂಗಳಷ್ಟೇ ಎರಡನ್ನೂ ಸೆಕೆಂಡ್‌ಹ್ಯಾಂಡ್ ಕೊಂಡಿದ್ದಳು. ಅವಳು ಪಾಲಿಟೆಕ್ನಿಕ್ಕಿನಲ್ಲಿ ಆಟೊಮೊಬೈಲ್ ಪಾಠ ಹೇಳುವವಳು. ಹಕ್ಕಿ ನೋಡುವುದು ಅವಳ ಹುಚ್ಚು. ಜೀಪು ಓಡಿಸುತ್ತಿದ್ದವನು ತಮ್ಮ ಜಗನ್. ಹಿಂದಿನ ಸೀಟಿನಲ್ಲಿ ಅವರ ಸೋದರತ್ತೆ ಮುನಿಶಾಮಮ್ಮ. ಅರವತ್ತು ದಾಟಿದ್ದರೂ ಆ ಗುಡ್ಡಗಳ ಕಾಲುದಾರಿಯೆಲ್ಲ ಆಕೆಗೆ ಅಂಗೈ ಗೆರೆಯಷ್ಟು ಗೊತ್ತು.

"ಗಾಲಿ ಬಿಚ್ಚಿ ಬೇರಿಂಗ್‌ಗೆ ಗ್ರೀಸ್ ತುಂಬ್ದೇನೋ?" ಹರಿಣಿ ಕೇಳಿದಳು.

"ಆಯ್ತಕ್ಕ, ಫುಲ್ ಸರ್ವೀಸ್," ಎಂದ ಜಗನ್, ಕನ್ನಡಿ ಸರಿಮಾಡಿಕೊಳ್ಳುತ್ತ.

ದಿಬ್ಬೂರಹಳ್ಳಿ ದಾಟಿ ಟಾರು ಮುಗಿಯಿತು. ಎರಡೂ ಕಡೆ ಹಿಪ್ಪುನೇರಳೆ ತೋಟಗಳು ಹಿಂದೆ ಸರಿದು, ಆನೆಗಳು ಮಲಗಿದಂತೆ ಬೋಳು ಬಂಡೆಗಳು ಎದ್ದವು. ಆ ವರ್ಷ ಮಳೆ ಧಾರಾಳವಾಗಿ ಸುರಿದಿತ್ತು. ಜನವರಿಯಲ್ಲೂ ಬಂಡೆಯ ಸೀಳುಗಳಿಂದ ನೀರು ಜಿನುಗುತ್ತಿತ್ತು, ಲಂಟಾನದ ಪೊದೆಗಳ ಮೇಲೆ ಚಿಟ್ಟೆಗಳು ಗುಂಪುಗುಂಪಾಗಿ ಎದ್ದು ಕೂರುತ್ತಿದ್ದವು. ಕೊರಕಲು ದಾರಿಯಲ್ಲಿ ದೋಣಿ ಕುಣಿಯುತ್ತ ಬಂತು.

ಎಂಟೂವರೆಗೆ ಹಳ್ಳ ಅಡ್ಡ ಬಂತು. ಹರಿಣಿ ಇಳಿದು ಕೋಲಿನಿಂದ ಆಳ ನೋಡುತ್ತ ದಾಟಿದಳು. ನೀರು ಮೊಣಕಾಲುದ್ದ, ಮಂಜಿನಂತೆ ತಣ್ಣಗಿತ್ತು.

"ಹತ್ತು ನಿಮಿಷ ತಡಿ, ಗಾಲಿ ಆರಲಿ!" ಆಚೆ ದಡದಿಂದ ಕೂಗಿದಳು.

ನೀರಿನ ಸದ್ದಿನಲ್ಲಿ ಜಗನ್‌ಗೆ ಕೇಳಿಸಲಿಲ್ಲ. ಬಾ ಎಂದಳೆಂದು ತಿಳಿದು ಜೀಪು ಇಳಿಸಿಯೇ ಬಿಟ್ಟ. ಟ್ರೈಲರ್ ಗಾಲಿಗಳು ಮುಳುಗಿದಾಗ ಚುಸ್ಸೆಂದು ಸದ್ದಾಯಿತು.

ಹರಿಣಿ ಗೊಣಗುತ್ತ ಜೀಪು ಹತ್ತಿದಳು. ಹಳ್ಳದ ಆಚೆ ಕಡಿದಾದ ಏರು. ಬಲಕ್ಕೆ ಬಂಡೆ, ಎಡಕ್ಕೆ ಇಳಿಜಾರು. ಅರ್ಧ ಏರುವಷ್ಟರಲ್ಲಿ ಮುನಿಶಾಮಮ್ಮ ಕಿವಿ ನಿಮಿರಿಸಿದಳು.

"ಏನೋ ಕಿರಗುಟ್ತಾ ಐತೆ ಕಣೋ. ಕೀಲೆಣ್ಣೆ ಕಾಣದ ಬಂಡಿ ಅತ್ತಂಗೆ."

"ಕಲ್ಲು ಉಜ್ಜಿರ್ಬೇಕು ಬಿಡು ಅತ್ತೆ," ಎಂದ ಜಗನ್.

ಹರಿಣಿ ಹಿಂದೆ ನೋಡಿದಳು. ಎಡಗಾಲಿಯಿಂದ ಹೊಗೆ ಏಳುತ್ತಿತ್ತು. ಗಾಲಿ ಕುಡುಕನಂತೆ ಓಲಾಡುತ್ತಿತ್ತು.

"ನಿಲ್ಸೋ!"

ಜಗನ್ ಬ್ರೇಕ್ ತುಳಿದ. ಜೀಪು ನಿಂತಿತು. ಮರುಗಳಿಗೆ ಹಿಂದಕ್ಕೆ ಜಾರಿತು.

ಒಂದು ಗೇಣು. ಎರಡು ಗೇಣು.

ಟ್ರೈಲರ್ ಎಡಕ್ಕೆ ವಾಲಿ, ಇಳಿಜಾರಿನತ್ತ ಎಳೆಯತೊಡಗಿತು.

ಮುನಿಶಾಮಮ್ಮ ಬಾಗಿಲು ತಳ್ಳಿ ಹಾರಿದಳು. ಸೀರೆ ಎತ್ತಿ ಕಟ್ಟಿ, ಕುಂಬಳಕಾಯಿ ಗಾತ್ರದ ಕಲ್ಲನ್ನು ಎರಡೂ ಕೈಯಲ್ಲಿ ಬಾಚಿ ಜೀಪಿನ ಹಿಂಗಾಲಿಗೆ ಕೊಟ್ಟಳು. ಹರಿಣಿ ಇನ್ನೊಂದು ಕಲ್ಲನ್ನು ಟ್ರೈಲರ್ ಗಾಲಿಗೆ ಒದ್ದು ಸೇರಿಸಿದಳು.

ಗರಕ್ಕೆಂದು ಎಲ್ಲವೂ ನಿಂತಿತು.

ಮೂವರೂ ಏದುಸಿರು ಬಿಡುತ್ತ ಒಬ್ಬರ ಮುಖ ಒಬ್ಬರು ನೋಡಿದರು. ಮುನಿಶಾಮಮ್ಮನಿಗೆ ಯಾಕೋ ನಗು ಬಂತು. "ನಮ್ಮತ್ತೆ ಮನೆ ರುಬ್ಬುಗುಂಡಾದ್ರೂ ಇದಕ್ಕಿಂತ ಹಗುರಾಗಿತ್ತು!" ಎಂದಳು. ಅದರೊಂದಿಗೆ ಉಳಿದವರ ಭಯವೂ ಅರ್ಧ ಇಳಿಯಿತು.

ಹರಿಣಿ ಟ್ರೈಲರ್‌ಗೆ ಜಾಕ್ ಕೊಟ್ಟು ಗಾಲಿ ಬಿಚ್ಚಿದಳು. ಗಾಲಿಯ ನಡುವಿನ ಹಬ್ ಮುಟ್ಟಲಾಗದಷ್ಟು ಕಾದಿತ್ತು. ಆರಿದ ಮೇಲೆ ಎಳೆದಾಗ ಒಳಗಿಂದ ಮಜ್ಜಿಗೆಯಂಥ ಬೆಳ್ಳನೆಯ ಪಸೆ ಸುರಿಯಿತು. ಒಳಗಡೆಯ ಬೇರಿಂಗಿನ ಉರುಳೆಗಳು ನೀಲಿಗಟ್ಟಿದ್ದವು. ಎರಡು ಒಡೆದೇ ಹೋಗಿದ್ದವು.

"ಕಾದ ಹಬ್ ತಣ್ಣೀರಿಗೆ ಬಿದ್ರೆ ನೀರನ್ನ ಒಳಕ್ಕೆ ಹೀರ್ಕೊಳ್ಳತ್ತೆ. ಆದ್ರೂ ಒಂದೇ ಸಲಕ್ಕೆ ಹಿಂಗಾಗಲ್ಲ. ಇದು ಹಳೇ ಗ್ರೀಸು," ಎಂದು ಹರಿಣಿ ತಮ್ಮನ ಕಡೆ ತಿರುಗಿದಳು. "ಬಿಚ್ಚಿದ್ಯಾ, ಇಲ್ವಾ?"

ಜಗನ್ ನೆಲ ನೋಡಿದ. "ಇಲ್ಲಕ್ಕ. ಮೇಲಿನ ಮುಚ್ಚಳ ಒರೆಸಿ, ಅದರೊಳಗೆ ಒಂಚೂರು ಗ್ರೀಸ್ ಸವರಿ ಮುಚ್ದೆ. ಮ್ಯಾಚ್ ನೋಡೋ ಆತುರ ಇತ್ತು."

ಹರಿಣಿ ಬಾಯಿ ತೆರೆಯುವಷ್ಟರಲ್ಲಿ ಅತ್ತೆ ನಡುವೆ ಬಂದಳು. "ಬೈಯೋದು ಮನೇಲಿ ಬೈಯಮ್ಮ. ಈಗ ಇದಕ್ಕೇನು ದಾರಿ?"

"ಇದೇ ನಂಬರ್ ಬೇರಿಂಗ್ ಬೇಕು. ದ್ರಾಕ್ಷಿಗೆ ಔಷಧಿ ಹೊಡೆಯೋ ಟ್ರಾಲಿಗೂ ಇಂಥದ್ದೇ ಹಾಕಿರ್ತಾರೆ."

"ಈ ಗುಡ್ಡದ ಆಚೆ ಕದಿರಮ್ಮನ ದ್ರಾಕ್ಷಿ ತೋಟ ಐತಲ್ಲ!"

ಜಗನ್ ಒಡೆದ ಬೇರಿಂಗನ್ನು ಟವೆಲಿನ ತುದಿಗೆ ಕಟ್ಟಿ ಸೊಂಟಕ್ಕೆ ಸುತ್ತಿಕೊಂಡ. "ನಾನೇ ಹೋಗ್ತೀನಿ," ಎಂದ.

ಗುಡ್ಡಕ್ಕೆ ದಾರಿಯಿರಲಿಲ್ಲ. ಮುಳ್ಳುಪೊದೆ ಸೀಳಿ, ಬಂಡೆಯ ಬಿರುಕಿಗೆ ಬೆರಳು ತೂರಿಸಿ ಏರಿದ. ಒಂದು ಕಡೆ ಕರಡಿ ಆಗಷ್ಟೇ ಕೆದಕಿದ ಹುತ್ತ. ಮಣ್ಣು ಇನ್ನೂ ಹಸಿಯಾಗಿತ್ತು. ಸದ್ದು ಮಾಡಿದರೆ ಕರಡಿ ದೂರ ಸರಿಯುತ್ತದೆ ಎಂದು ಅತ್ತೆ ಹೇಳಿದ್ದು ನೆನಪಾಗಿ ಜೋರಾಗಿ ಹಾಡು ಶುರುಮಾಡಿದ. ರಾಗ ಎಲ್ಲಿಗೋ ಹೋಯಿತು, ಆದರೆ ಪೊದೆಯೊಳಗಿನ ಸರಸರ ಸದ್ದೂ ದೂರ ಹೋಯಿತು. ನೆತ್ತಿ ತಲುಪಿದಾಗ ಮಂಡಿ ತರಚಿತ್ತು. ಕೆಳಗೆ ಹಸಿರು ಚಪ್ಪರದಂತೆ ದ್ರಾಕ್ಷಿ ತೋಟ ಹರಡಿತ್ತು.

"ಏಮ್ರಾ ನಾಯ್ನಾ, ಬೆಟ್ಟದಿಂದ ಉದುರಿದ್ಯಾ?" ಎಂದು ತೆಲುಗು ಬೆರೆಸಿ ಕೇಳುತ್ತ ಕದಿರಮ್ಮ ಚೊಂಬಿನಲ್ಲಿ ನೀರು ಕೊಟ್ಟಳು. ಕತೆ ಕೇಳಿ, ಶೆಡ್ಡಿನ ಹಿಂದೆ ಮೂಲೆಗೆ ಬಿದ್ದಿದ್ದ ಹಳೆಯ ಟ್ರಾಲಿ ತೋರಿಸಿದಳು. ಇಬ್ಬರೂ ಸೇರಿ ಗಾಲಿ ಬಿಚ್ಚಿದರು. ನಂಬರ್ ಹೊಂದಿತು. ಬೇರಿಂಗ್, ಅದರ ಹೊರಬಳೆ, ರಬ್ಬರ್ ಸೀಲು ಮೂರೂ ಗಟ್ಟಿಯಾಗಿದ್ದವು.

"ವರ್ಷಕ್ಕೊಂದ್ಸಲ ಬಿಚ್ಚಿ ಗ್ರೀಸ್ ಹಾಕಿಸ್ತಿದ್ದೆ, ಅದಕ್ಕೇ ಹಂಗೈತೆ. ನೀವು ಹಾಕಿರ್ಲಿಲ್ವಾ?"

ಜಗನ್ ಕೆಮ್ಮಿದ. ಕದಿರಮ್ಮ ನಕ್ಕು ಒಂದು ಡಬ್ಬಿ ಗ್ರೀಸು, ಮಡಿಲು ತುಂಬ ದ್ರಾಕ್ಷಿ ಕೊಟ್ಟು ಕಳಿಸಿದಳು.

ಅವನು ಮರಳಿದಾಗ ಹನ್ನೆರಡು. ಅಷ್ಟರಲ್ಲಿ ಹರಿಣಿ ಹಬ್‌ನ ಒಳಗೆ ಅಂಟಿಕೊಂಡಿದ್ದ ಬೇರಿಂಗಿನ ಹಳೆಯ ಹೊರಬಳೆಯನ್ನು ಉಳಿಯಿಂದ ಮೆಲ್ಲಗೆ ತಟ್ಟಿ ತೆಗೆದು, ಹಬ್ಬನ್ನು ಸೀಮೆಎಣ್ಣೆಯಲ್ಲಿ ತೊಳೆದಿಟ್ಟಿದ್ದಳು.

"ಗ್ರೀಸ್ ನೀನೇ ತುಂಬು," ಎಂದಳು. "ಅಂಗೈಯಲ್ಲಿ ಮುದ್ದೆ ತಗೋ. ಬೇರಿಂಗಿನ ಅಂಚನ್ನ ಅದಕ್ಕೆ ಒತ್ತು. ಆಚೆ ಕಡೆಯಿಂದ ಉಕ್ಕಿ ಬರೋ ತನಕ ಒತ್ತು."

ಜಗನ್ ಒತ್ತಿದ. ಉರುಳೆಗಳ ಸಂದಿಯಿಂದ ಗ್ರೀಸು ಶ್ಯಾವಿಗೆಯಂತೆ ಎದ್ದಾಗ ಅವನ ಮುಖ ಅರಳಿತು. "ಅಕ್ಕ, ಬಂತು ನೋಡು!"

ನಟ್ಟು ಬಿಗಿದು, ಗಾಲಿ ತಿರುಗಿಸಿ, ಮತ್ತೆ ಕೂದಲೆಳೆಯಷ್ಟು ಸಡಿಲಿಸಿ, ನಟ್ಟು ಕಳಚದಂತೆ ಹೊಸ ಸ್ಪ್ಲಿಟ್ ಪಿನ್ ತೂರಿಸಿ ಮಡಚಿದರು. ಬಲಗಾಲಿಯನ್ನೂ ಬಿಡದೆ ಬಿಚ್ಚಿ ತುಂಬಿದರು. ಅತ್ತೆ ಗಾಲಿಯನ್ನು ಒಮ್ಮೆ ಸುತ್ತಿಸಿ ಕಿವಿಗೊಟ್ಟಳು. ಸದ್ದೇ ಇರಲಿಲ್ಲ.

"ಬೆಣ್ಣೆ!" ಎಂದಳು.

ಏರಿನ ತುದಿಯಲ್ಲಿ ಕೆರೆ ಒಮ್ಮೆಲೇ ಕಣ್ಣಿಗೆ ಬಿತ್ತು. ಮೂರು ಗುಡ್ಡಗಳ ನಡುವೆ ತುಂಬಿ ತುಳುಕುವ ನೀಲಿ. ನಡುವೆ ಜಾಲಿ ಮರಗಳ ಪುಟ್ಟ ದಿಬ್ಬ. ಮರದ ಮೇಲೆಲ್ಲ ಬಿಳಿ, ಗುಲಾಬಿ ಹೂ ಬಿಟ್ಟಂತೆ ಕೊಕ್ಕರೆಗಳು. ಗಂಟೆ ಮೂರಾಗಿತ್ತು.

ಈ ಸಲ ಜಗನ್ ಟ್ರೈಲರನ್ನು ನೀರಿನಿಂದ ಮಾರು ದೂರದಲ್ಲೇ ನಿಲ್ಲಿಸಿದ. ಮೂವರೂ ದೋಣಿಯನ್ನು ಹೊತ್ತು ಇಳಿಸಿದರು. ಅತ್ತೆ ಮುಂದೆ ಕೂತು ಹುಟ್ಟು ಹಿಡಿದಳು.

"ಚಿಕ್ಕವಳಿದ್ದಾಗ ಇಲ್ಲಿ ಈಜ್ತಿದ್ದೆ. ದೋಣೀಲಿ ಹೋಗ್ತೀನಿ ಅಂತ ಯಾವಳು ಅಂದ್ಕೊಂಡಿದ್ಲು!"

ಹಕ್ಕಿಗಳು ಬೆದರದಂತೆ ದೂರದಿಂದಲೇ ದಿಬ್ಬವನ್ನು ಸುತ್ತಿದರು. ಗೂಡುಗಳಿಂದ ಬೂದು ಮರಿಗಳು ಕತ್ತು ಚಾಚಿ ಕಿರುಚಾಡುತ್ತಿದ್ದವು. ಒಂದು ತಾಯಿ ಕೊಕ್ಕರೆ ರೆಕ್ಕೆ ಅಗಲಿಸಿ ಮರಿಗಳಿಗೆ ನೆರಳು ಹಿಡಿದಿತ್ತು. ಹರಿಣಿ ದುರ್ಬೀನಿನಲ್ಲಿ ಎಣಿಸಿ ನಲವತ್ತಾರು ಎಂದಳು. ಜಗನ್‌ಗೂ ನಲವತ್ತಾರು.

"ನಲವತ್ತೇಳು," ಎಂದಳು ಬರಿಗಣ್ಣಿನ ಮುನಿಶಾಮಮ್ಮ. "ಆ ಒಣಗಿದ ಕೊಂಬೆ ಹಿಂದೆ ಒಂದು ಐತೆ."

ಇನ್ನೊಂದು ಸುತ್ತು ಹಾಕಿದರು. ಇತ್ತು! ಮೂವರ ನಗುವಿಗೆ ದೋಣಿಯೇ ಅಲುಗಾಡಿತು.

ವಾಪಸ್ ಬರುವಾಗ ಹಳ್ಳದ ದಡದಲ್ಲಿ ಜಗನ್ ಯಾರೂ ಹೇಳದೆ ಜೀಪು ನಿಲ್ಲಿಸಿ ಇಳಿದ. ಎರಡೂ ಹಬ್ ಆರುವ ತನಕ ಕಲ್ಲಿನ ಮೇಲೆ ಕೂತು ದ್ರಾಕ್ಷಿ ತಿಂದರು. ದಿಬ್ಬೂರಹಳ್ಳಿಯಲ್ಲಿ ಟೀ ಕುಡಿಯುವಾಗ ಇನ್ನೂ ಬೆಳಕಿತ್ತು. ಮೂವರ ಮೈಮೇಲೂ ಕೆಮ್ಮಣ್ಣು, ಮುಳ್ಳಿನ ಗೀರು, ಕರಿ ಗ್ರೀಸು. ಟೀ ಅಂಗಡಿಯವನು ಕೈ ತೊಳೆಯಲು ಸೋಪನ್ನೇ ಕೊಟ್ಟ.

ಮರುದಿನ ಸಭೆಯಲ್ಲಿ, ದೋಣಿಯಿಂದ ತೆಗೆದಿದ್ದ ಗೂಡುಗಳ ಫೋಟೊಗಳು ಕೈಯಿಂದ ಕೈಗೆ ಹೋದವು. ಗೊಣಗಿದವರು ಇಬ್ಬರು, ಒಪ್ಪಿದವರು ಹನ್ನೊಂದು ಜನ. ನಡುಗಡ್ಡೆ ಹರಾಜಿನಿಂದ ಹೊರಗುಳಿಯಿತು. ಕಾರ್ಯದರ್ಶಿ ಪುಸ್ತಕದಲ್ಲಿ ಬರೆದುಕೊಂಡು, "ಎಣಿಸಿದವರು ಯಾರಮ್ಮ? ರುಜು ಹಾಕ್ಲಿ," ಎಂದರು.

ಹರಿಣಿ ಪೆನ್ನನ್ನು ಅತ್ತೆಯ ಕೈಗಿಟ್ಟಳು. ಮುನಿಶಾಮಮ್ಮ ಸೆರಗಿಗೆ ಬೆರಳು ಒರೆಸಿಕೊಂಡು, ಮೇಜಿನ ಮೇಲೆ ಬಾಗಿ, ಒಂದೊಂದೇ ಅಕ್ಷರ ದುಂಡಗೆ ಬರೆದಳು. ಕೊನೆಯ ಒತ್ತಕ್ಷರ ಮುಗಿಯುವ ತನಕ ಇಡೀ ಸಭೆ ಕಾದು ಕೂತಿತು.